ಕೆಂಡದ ಮಡಕೆ ಹೊತ್ತ ಮುಂಗಾರು

ಗೀಜಗನ ಗೂಡು ಸುಟ್ಟ ವಾಸನೆ ಎಷ್ಟು ಜನರಿಗೆ ಗೊತ್ತೋ ಕಾಣೆ. ನನಗೆ ಚೆನ್ನಾಗಿ ಗೊತ್ತು. ಮೊದಲು ಹುಲ್ಲಿನ ಹೊಗೆ, ಆಮೇಲೆ ಒಂದಿಷ್ಟು ಪುಕ್ಕದ ಕಮಟು. ಮೊನ್ನೆ ನಾರಾಯಣದುರ್ಗದ ಹಿಂದಿನ ಕಾಡಿನಲ್ಲಿ ನನ್ನ ಮಗಳು ಅಡವಮ್ಮ ಕಡ್ಡಿ ಕಡೆದು ಬೆಂಕಿ ಎಬ್ಬಿಸಿದಾಗ ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಎಂಟು ವರ್ಷದ ಹಿಂದಿನ ಮುಂಗಾರು ಪೂರ್ತಿ ಎದ್ದು ಬಂದು ನನ್ನ ಎದುರಿಗೆ ಕೂತುಕೊಂಡಿತು.

ಈ ಸಲವೂ ನಾವು ಕಾಡು ಹತ್ತಿದ್ದು ದಂಡಿನ ಭಯಕ್ಕೇ. ಶ್ರೀರಂಗಪಟ್ಟಣದ ಕಡೆಯಿಂದ ಫಿರಂಗಿ ಸದ್ದು ಕೇಳಿಸಿದ ಕೂಡಲೇ ಸಿಂಧಘಟ್ಟದ ನಾವು ಏಳು ಮನೆಯವರು ಗಂಟು ಕಟ್ಟಿದೆವು. ಆದರೆ ಈ ಸಲ ಯಾರೂ ಬಾಯಿ ಬಡಿದುಕೊಳ್ಳಲಿಲ್ಲ. ಹೆಂಗಸರು ನಗುತ್ತಾ ಹತ್ತಿದರು, ಮಕ್ಕಳು ಮುಂದೆ ಓಡಿದವು. ಯಾರ ತಲೆಯ ಮೇಲೂ ಕೆಂಡದ ಮಡಕೆ ಇರಲಿಲ್ಲ. ಅದನ್ನು ನೋಡಿ ನನಗೆ ನಗು ಬಂತು, ಆದರೂ ಕೈ ತಾನಾಗಿ ನನ್ನ ನೆತ್ತಿಗೆ ಹೋಯಿತು.

ನಮ್ಮದು ಕಮ್ಮಾರರ ಮನೆ. ನಮ್ಮ ಕುಲುಮೆಯ ಬೆಂಕಿ ಯಾರ ಕಾಲದಲ್ಲಿ ಹೊತ್ತಿಸಿದ್ದೋ ಯಾರಿಗೂ ತಿಳಿಯದು. ಸಂಜೆ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಕೆದಕಿದರೆ ಕೆಂಡ ಕಣ್ಣು ಬಿಡುತ್ತಿತ್ತು. ಊರಿನಲ್ಲಿ ಯಾರ ಒಲೆ ಆರಿದರೂ ಒಂದು ತುಂಡು ಬೆರಣಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬರುವರು. ಕೊಡುವುದಷ್ಟೇ ನಮ್ಮ ಮನೆಯ ಕ್ರಮ. ಇನ್ನೊಬ್ಬರ ಮನೆಯಿಂದ ಬೆಂಕಿ ತರುವ ಹಾಗಿಲ್ಲ, ತಂದರೆ ಕಾಳಮ್ಮ ಮುನಿಯುತ್ತಾಳೆ ಎಂದು ನಂಬಿದ ಮನೆತನ. ಹಾಗಾಗಿ, ಕೇಳಿದರೆ ನಗುತ್ತೀರಿ, ಊರಿಗೆಲ್ಲ ಕಬ್ಬಿಣ ಬಡಿದುಕೊಡುವ ನಮ್ಮ ಮನೆಯಲ್ಲಿ ಒಂದು ಚಕಮಕಿ ಇರಲಿಲ್ಲ. ಆರದ ಬೆಂಕಿ ಇರುವ ಮನೆಗೆ ಕಿಡಿ ಹೊಡೆಯುವ ಕಲ್ಲು ಯಾಕೆ?

ಆ ವರ್ಷ ನನಗೆ ಹತ್ತೊಂಬತ್ತು. ಒಂಬತ್ತು ತಿಂಗಳ ಬಸುರಿ. ಗಂಡನನ್ನು ಸರ್ಕಾರದವರು ಪಟ್ಟಣದ ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದರು. ಮನೆಯಲ್ಲಿ ನಾನು ಮತ್ತು ನನ್ನ ಮಾವ ಕಾಳಾಚಾರಿ, ಇಬ್ಬರೇ. ಮಾವ ಮಾತು ಕಡಿಮೆ, ಸಿಟ್ಟು ಜಾಸ್ತಿ. ಒಂದು ಮಧ್ಯಾಹ್ನ ಗಾಡಿ ಹೊಡೆಯುವ ಬುಡೇನ್ ಸಾಬರು ಬರಿಗಾಲಲ್ಲಿ ಓಡಿಬಂದರು. ಗಾಡಿ, ಎತ್ತು, ಚೀಲ ಎಲ್ಲವನ್ನೂ ದಂಡಿನವರು ಕಿತ್ತುಕೊಂಡಿದ್ದರು.

“ಯಾ ಅಲ್ಲಾ, ಇರೋಡೆ ಕಡೆ ಅಳ್ಳಿಗಳೆಲ್ಲ ಉರೀತಾವೆ ಕಣಣ್ಣ. ಯಾರ್ ದಂಡು ಅಂತ ಕೇಳ್ಬ್ಯಾಡ, ಎಲ್ಲಾ ಒಂದೇ. ಎದ್ದೇಳಿ, ಕಾಡಿಗ್ ಓಗನಾ!” ಎಂದರು.

ದಂಡು ಬಂದರೆ ಮೊದಲು ಕೈ ಹಾಕುವುದು ಕಮ್ಮಾರನ ಕಬ್ಬಿಣಕ್ಕೆ. ಮಾವ ಅಡಿಗಲ್ಲು, ಸುತ್ತಿಗೆ, ಇಕ್ಕುಳ, ಮಚ್ಚು ಎಲ್ಲವನ್ನೂ ಕುಲುಮೆಯ ಕೆಳಗೆ ಹೂತುಬಿಟ್ಟರು. ಊರವರು ತಂತಮ್ಮ ಚಕಮಕಿಯನ್ನು ನೆನೆಯಲೂ ಇಲ್ಲ. ಆಚಾರಿ ಬರ್ತಾವ್ನೆ, ಬೆಂಕಿ ಬಂದಂಗೇ ಬುಡಿ ಎಂದುಕೊಂಡರು. ಬುಡೇನ್ ಸಾಬರ ಚಿಲುಮೆಯ ಚಕಮಕಿ ಗಾಡಿಯ ಚೀಲದ ಜೊತೆ ಹೋಗಿತ್ತು.

ಕೆಂಡ ಹೊರಲು ಕುಂಬಾರ ಮಲ್ಲಯ್ಯ ಒಂದು ಗಟ್ಟಿ ಮಡಕೆ ತಂದುಕೊಟ್ಟ. ಬೆರಳಿನಲ್ಲಿ ತಟ್ಟಿ ಸದ್ದು ಕೇಳಿಸಿ, “ಗಂಟೆ ಕಣ್ಲಾ ಕಾಳ ಇದು, ಗಂಟೆ!” ಎಂದು ಹಲ್ಲು ಬಿಟ್ಟ. ಅವನೂ ಮಾವನೂ ಚಿಕ್ಕಂದಿನಿಂದ ಜೋಡಿ. ಇಬ್ಬರಿಗೂ ಸೇರಿ ಒಂದೇ ಎಲೆಅಡಿಕೆ ಚೀಲ, ಒಂದು ದಿನ ಇವರ ಸೊಂಟದಲ್ಲಿ, ಒಂದು ದಿನ ಅವನ ಸೊಂಟದಲ್ಲಿ. ಮಾವ ಮಡಕೆಗೆ ಬೂದಿ ಹಾಸಿ, ಜಾಲಿಯ ಕೆಂಡ ತುಂಬಿ, ಮೇಲೆ ಬೆರಣಿ ಇಟ್ಟು ಮುಚ್ಚಿದರು. ಬೆಂಕಿ ನೋಡಿಕೊಳ್ಳುವುದು ಮನೆಯ ಸೊಸೆಯ ಕೆಲಸ. ಮಡಕೆ ನನ್ನ ತಲೆಗೇ ಬಂತು.

“ಗಿರಿಯವ್ವ, ಇಲ್ ಕೇಳು. ಈ ಕಂಬ್ಳಿ ನಿಂಗಲ್ಲ, ಮಡ್ಕೆಗೆ. ಮಳೆ ಬಂದ್ರೆ ಮೊದ್ಲು ಅದ್ಕೆ ಒದ್ಸು,” ಎಂದು ತಮ್ಮ ಕರಿಕಂಬಳಿಯನ್ನು ನನ್ನ ಹೆಗಲಿಗೆ ಹಾಕಿದರು.

ಅರ್ಧ ಗುಡ್ಡ ಹತ್ತಿರಲಿಲ್ಲ, ಮಳೆ ಕವುಚಿಕೊಂಡಿತು. ಜನ ದಿಕ್ಕಾಪಾಲಾಗಿ ಮರದಡಿಗೆ ಓಡಿದರು. ನಾನು ಭಾರದ ಹೆಂಗಸು, ಹಿಂದೆ ಉಳಿದುಬಿಟ್ಟೆ. ಒಂದು ಬಂಡೆಯ ಮರೆಗೆ ಮಡಕೆ ಇಳಿಸಿ ಕಂಬಳಿ ಹೊದಿಸಿದೆ. ಆಗ ಗಾಳಿ ತಿರುಗಿತು. ನೆತ್ತಿಯ ಮೇಲೆ ನೀರು, ಬೆನ್ನಿನ ಮೇಲೆ ನೀರು, ಹಲ್ಲು ಕಟಕಟ ಎನ್ನತೊಡಗಿತು. ಹೊಟ್ಟೆಯೊಳಗಿನದು ಒಂದೇ ಸಮನೆ ಒದೆಯುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಸುಮ್ಮನಾಯಿತು. ನನಗೆ ಜೀವವೇ ಹಾರಿಹೋಯಿತು. ಮಡಕೆಯ ಮೇಲಿನ ಕಂಬಳಿ ಎಳೆದೆ, ಹೊಟ್ಟೆಗೆ ಸುತ್ತಿ ಮುದುಡಿ ಕೂತೆ. ಸ್ವಲ್ಪ ಹೊತ್ತಿಗೆ ಕೂಸು ಮತ್ತೆ ಒದೆಯಿತು. ಅಷ್ಟರಲ್ಲಿ ಮಡಕೆಯ ಮುಚ್ಚಳ ಜಾರಿತ್ತು. ಒಳಗೆ ಚುಸ್ ಅಂದದ್ದು ನನ್ನ ಕಿವಿಗೇ ಕೇಳಿಸಿತು.

ಮೇಲೆ ಹಾಸುಗಲ್ಲು ಎಂಬ ಜಾಗ. ಮರಗಳ ನಡುವೆ ಅಗಲವಾದ ಬಂಡೆ, ಪಕ್ಕದಲ್ಲಿ ತೊರೆ. ಎಲ್ಲರೂ ಅಲ್ಲಿ ನನ್ನ ದಾರಿ ಕಾಯುತ್ತಿದ್ದರು. ಪುಳ್ಳೆ ಒಟ್ಟಿ ಸಿದ್ಧ ಮಾಡಿದ್ದರು ಕೂಡ. ಮಾವ ಮುಚ್ಚಳ ತೆಗೆದು ಕೈ ಹಾಕಿದರು. ಕರಿ ಕೆಸರು ಬಂತು. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ನನ್ನನ್ನು ಕೊಂದೇಬಿಡುತ್ತಾರೆ ಅಂದುಕೊಂಡೆ. ಅವರು ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿ ಬಂಡೆಗೆ ಅಪ್ಪಳಿಸಿದರು.

“ಸೀಳು ಮಡ್ಕೆ ಕೊಟ್ಟವ್ನಲ್ಲ ಈ ಮಲ್ಲ! ನೀರೆಲ್ಲ ಒಳೀಕೆ ಇಳ್ದೈತೆ!”

ಮಲ್ಲಯ್ಯನ ಮುಖ ಬಿಳಿಚಿಕೊಂಡಿತು. “ನನ್ ಮಡ್ಕೇನಾ? ಸೀಳಾ?” ಎಂದ. ಬಗ್ಗಿ ಒಂದು ಓಡು ಎತ್ತಿಕೊಂಡು ಅದರ ಅಂಚನ್ನೇ ನೋಡಿದ. ತಲೆಯೆತ್ತಿ ನನ್ನ ಕಡೆ ನೋಡಿದ. ಓಡು ಕೆಳಗಿಟ್ಟು ತೊರೆಯ ಆಚೆ ಹೋಗಿ ಕೂತ. ನಾನು ನಾಲಿಗೆ ಕಚ್ಚಿಕೊಂಡು ನಿಂತಿದ್ದೆ. ಥೂ, ಎಂಥ ಹೇಡಿ ನಾನು! ಮಾವ ನಿಜವಾಗಿಯೂ ಸೀಳು ಕಂಡರೇನೋ ಎಂದು ಒಳಗೊಳಗೇ ಹಿಗ್ಗಿದೆ ಕೂಡ.

ಆವತ್ತಿನಿಂದ ಆ ಇಬ್ಬರ ಮಾತು ನಿಂತಿತು. ಎಲೆಅಡಿಕೆ ಚೀಲ ಮಲ್ಲಯ್ಯನ ಸೊಂಟದಲ್ಲೇ ಉಳಿಯಿತು.

ಮಾರನೆಯ ದಿನ ಸಣ್ಣಜ್ಜಿ ಬಂದಳು. ಜೇನು ಕಿತ್ತು ಬದುಕುತ್ತಿದ್ದ ಒಂಟಿ ಮುದುಕಿ, ಮೇಲಿನ ಕಲ್ಲುಗವಿಯಲ್ಲಿ ವಾಸ. ನಮ್ಮ ಗುಂಪನ್ನು ನೋಡಿ, “ಅಯ್ಯೋ, ಊರೇ ಗುಳೆ ಎದ್ ಬಂದೈತಲ್ಲಪ್ಪ!” ಎಂದು ಕೈ ತಟ್ಟಿಕೊಂಡು ನಕ್ಕಳು. ಬೆಂಕಿ ಆರಿದ ಕತೆ ಕೇಳಿ ಇನ್ನೂ ನಕ್ಕಳು.

“ನಂದು ದಿನಾ ಸಾಯ್ತದೆ, ದಿನಾ ಉಟ್ತದೆ. ಬೇಕಂದ್ರೆ ಈಗ್ಲೇ ಎಬ್ಬಿಸ್ಕೊಡ್ತೀನಿ.”

ಮಾವ ಒಪ್ಪಲಿಲ್ಲ. “ನಮ್ ಮನೇವ್ರು ಬೆಂಕಿ ಬೇಡಿಲ್ಲ, ಬೇಡಾದೂ ಇಲ್ಲ,” ಎಂದು ಮುಖ ತಿರುಗಿಸಿದರು. ಅವರು ಬೇಡವೆಂದ ಮೇಲೆ ಉಳಿದವರಿಗೂ ಕೈ ಚಾಚಲು ಅಂಜಿಕೆ. ಮೂರು ದಿನ ಹುರಿಹಿಟ್ಟು ನೀರಲ್ಲಿ ಕಲೆಸಿ ತಿಂದೆವು. ಮಕ್ಕಳು ನಡುಗುತ್ತಿದ್ದವು. ಬುಡೇನ್ ಸಾಬರ ಹೆಂಡತಿ ಮಹಬೂಬಿ ತನ್ನ ಒದ್ದೆ ಸೆರಗು ಹಿಂಡುತ್ತಾ, “ಈ ಗಂಡಸ್ರ ಜಂಬಕ್ಕೆ ನಮ್ ಮಕ್ಳು ಸಾಯ್ಬೇಕಾ?” ಎಂದು ಎಲ್ಲರಿಗೂ ಕೇಳುವ ಹಾಗೆ ಬೈದಳು. ಸರಿಯಾಗಿಯೇ ಬೈದಳು.

ಮೂರನೆಯ ದಿನ ಮಧ್ಯಾಹ್ನ ನನಗೆ ನೋವು ಬಂತು. ಸಣ್ಣಜ್ಜಿ, ಮಹಬೂಬಿ ಇಬ್ಬರೂ ನನ್ನನ್ನು ಗವಿಗೆ ಎತ್ತಿಕೊಂಡು ಹೋದರು. ಕೂಸು ಬೇಗನೇ ಹುಟ್ಟಿತು. ಆದರೆ ಅಳಲಿಲ್ಲ. ಮೈಯೆಲ್ಲ ತಣ್ಣಗೆ, ತುಟಿ ನೀಲಿ. ಮಹಬೂಬಿ ಬೆನ್ನು ಉಜ್ಜಿದಳು, ಬಾಯಿಂದ ಉಸಿರು ಕೊಟ್ಟಳು. ಒಂದು ಸಣ್ಣ ಕೀರಲು ದನಿ ಬಂತು, ಅಷ್ಟೇ. “ಕಾವು ಬೇಕು! ಈಗ್ಲೇ ಬೇಕು!” ಎಂದು ಅವಳು ಕೂಗಿದ್ದು ಕಾಡಿಗೆಲ್ಲ ಕೇಳಿಸಿರಬೇಕು.

ಸಣ್ಣಜ್ಜಿ ಒಣಗಿದ ಬೂರುಗದ ತುಂಡೊಂದನ್ನು ಕಾಲಲ್ಲಿ ಅದುಮಿ ಹಿಡಿದು, ಅದರ ಗುಳಿಯಲ್ಲಿ ಕಡ್ಡಿ ನಿಲ್ಲಿಸಿ ಅಂಗೈಯಲ್ಲಿ ಕಡೆಯತೊಡಗಿದಳು. ಮಳೆಯ ಥಂಡಿಗೆ ಮರ ಮೆತ್ತಗಾಗಿತ್ತು. ಹೊಗೆ ಬರುವುದು, ಅವಳ ಕೈ ಸೋಲುವುದು, ಹೊಗೆ ನಿಲ್ಲುವುದು. ಮುದುಕಿ ಕೈ ತಾನೇ, ಎಷ್ಟು ಹೊತ್ತು ತಡೆದೀತು? ಅಷ್ಟರಲ್ಲಿ ಗವಿಯ ಬಾಯಿಗೆ ಕತ್ತಲಾಯಿತು. ಮಾವ ಬಂದು ನಿಂತಿದ್ದರು.

ನಲವತ್ತು ವರ್ಷ ಸುತ್ತಿಗೆ ಹಿಡಿದ ಮನುಷ್ಯ ಮಂಡಿಯೂರಿ ಕೂತರು. “ಕೊಡವ್ವ ಇತ್ಲಾಗೆ. ಎಂಗೆ ಅಂತ ಏಳು,” ಎಂದರು.

“ಮ್ಯಾಲಿಂದ ಕೆಳೀಕೆ ಬಾ. ಅದುಮು. ಅವಸ್ರ ಬ್ಯಾಡ. ಇದು ಬಡಿಯೋ ಕೆಲ್ಸ ಅಲ್ಲ ಆಚಾರಿ, ಎಬ್ಬಿಸೋ ಕೆಲ್ಸ,” ಎಂದಳು ಸಣ್ಣಜ್ಜಿ. “ಬೆಂಕಿ ಯಾರಪ್ಪನ್ ಮನೇದೂ ಅಲ್ಲ ಕಣಪ್ಪ. ಕಟ್ಗೇಲೇ ಮಲ್ಗಿರ್ತದೆ.”

ಅವರ ಕೈ ಕೆಳಗೆ ಬಂದರೆ ಅಜ್ಜಿಯ ಕೈ ಮೇಲೆ ಹಿಡಿಯುವುದು, ಅಜ್ಜಿಯದು ಬಂದರೆ ಇವರದು. ಮಾವನ ಕಾಯಿಗಟ್ಟಿದ ಅಂಗೈ ಕೂಡ ಬೊಬ್ಬೆ ಎದ್ದು ಒಡೆಯಿತು. ಕಡೆಗೆ ಗುಳಿಯಿಂದ ಕರಿಪುಡಿ ಉದುರಿತು, ಪುಡಿಯಲ್ಲಿ ಒಂದು ಕೆಂಪು ಚುಕ್ಕೆ. ಅಜ್ಜಿ ಅದನ್ನು ಗೀಜಗನ ಗೂಡಿನೊಳಕ್ಕೆ ಸುರಿದು ಮಾವನ ಕೈಗಿತ್ತಳು. “ಊದು. ಕೂಸಿನ್ ಕಣ್ಗೆ ಊದೋ ಅಂಗೆ ಊದು.” ಮಾವ ಊದಿದರು. ಗೂಡು ಭಗ್ಗೆಂದಿತು. ಆ ಹುಲ್ಲಿನ ಹೊಗೆ, ಆ ಪುಕ್ಕದ ಕಮಟು! ಕಾಸಿದ ಬಟ್ಟೆಯಲ್ಲಿ ಸುತ್ತಿ ಒಲೆಯ ಹತ್ತಿರ ಹಿಡಿದ ಮೇಲೆ ನನ್ನ ಮಗಳು ಗುಡ್ಡ ಹಾರಿಹೋಗುವ ಹಾಗೆ ಅತ್ತಳು. ಮಾವನೂ ಅತ್ತರು, ಹೊಗೆ ಕಣ್ಣಿಗೆ ಹೋಯಿತು ಎಂದರು. ಕೂಸಿಗೆ ಅಡವಮ್ಮ ಎಂದು ಹೆಸರಿಟ್ಟವರು ಅವರೇ.

ಅಲ್ಲಿಂದ ಸುಗ್ಗಿಯವರೆಗೂ ಹಾಸುಗಲ್ಲೇ ನಮ್ಮ ಊರು. ಇದ್ದದ್ದು ಒಂದು ಬೆಂಕಿ, ಅದಕ್ಕೆ ಒಂದೇ ಒಲೆ. ಮೊದಮೊದಲು ಯಾರ ಪಾತ್ರೆ ಮೊದಲು, ಯಾರು ಮುಟ್ಟಬಹುದು ಎಂದು ಮುಖ ಗಂಟಿಕ್ಕಿದವರಿದ್ದರು. ಮಳೆಗಾಲದ ಹಸಿವು ಅದನ್ನೆಲ್ಲ ಎಂಟು ದಿನದಲ್ಲಿ ಬಿಡಿಸಿತು. ಸಣ್ಣಜ್ಜಿ ನಮ್ಮನ್ನೆಲ್ಲ ಹಿಂದೆ ಹಾಕಿಕೊಂಡು ಕಾಡು ತಿರುಗಿಸಿದಳು. ಯಾವ ಬಳ್ಳಿಯ ಕೆಳಗೆ ಗೆಣಸು, ಯಾವ ಅಣಬೆ ಮುಟ್ಟಬಾರದು, ಯಾವ ತೊಗಟೆ ಹೊಸೆದರೆ ಹಗ್ಗ. ಗೆಣಸು ಅಗೆದರೆ ಬುಡದ ತುಂಡನ್ನು ಮತ್ತೆ ಮಣ್ಣಿಗೆ ಹಾಕಿ ಮುಚ್ಚಬೇಕು, ಜೇನು ಕಿತ್ತರೆ ಒಂದು ಪಾಲು ಹುಳಕ್ಕೆ ಬಿಡಬೇಕು. ಮರೆತರೆ ತಲೆಗೆ ಮೊಟಕುವಳು, ವಯಸ್ಸು ನೋಡುತ್ತಿರಲಿಲ್ಲ. ಬುಡೇನ್ ಸಾಬರು ಹುಲ್ಲು ಹೊದಿಸುವುದರಲ್ಲಿ ಎಲ್ಲರನ್ನೂ ಮೀರಿಸಿದರು. ಅವರು ಕಟ್ಟಿದ ಏಳು ಗುಡಿಸಲಿಗೆ ಒಂದು ಹನಿ ಸೋರಲಿಲ್ಲ. ಮಲ್ಲಯ್ಯ ತೊರೆಯ ದಡದಲ್ಲಿ ಮಣ್ಣು ಹುಡುಕಿ, ತಿಗರಿ ಇಲ್ಲದೆ ಬರಿಗೈಯಲ್ಲಿ ಮಡಕೆ ತಟ್ಟಿ ಗುಂಡಿಯಲ್ಲಿ ಸುಟ್ಟ. ಒಂದೊಂದು ಮಡಕೆಯನ್ನೂ ಮಾವನಿಗೆ ಕೇಳಿಸುವ ಹಾಗೆ ತಟ್ಟಿ ತೋರಿಸುತ್ತಿದ್ದ. ಮಾವ ಬೇರೆ ಕಡೆ ನೋಡುವರು. ಆ ಸದ್ದು ಕೇಳಿದಾಗಲೆಲ್ಲ ನನ್ನ ಎದೆಗೆ ಚುಚ್ಚುತ್ತಿತ್ತು. ಹೇಳಿಬಿಡಬೇಕು ಎಂದು ಬಾಯಿವರೆಗೂ ಬರುವುದು, ನುಂಗುವುದು.

ಆದರೂ ಅಷ್ಟು ಸುಖವಾಗಿ ನಾನು ಎಂದೂ ಇದ್ದಿಲ್ಲ. ಬಾಣಂತಿ ಎಂದು ಏಳು ಮನೆಯವರೂ ನನ್ನ ಎಲೆಗೆ ಮೊದಲು ಬಡಿಸಿದರು. ಮಲ್ಲಯ್ಯ ಕೂಡ. ತೊರೆ ಮೀನು ಹಿಡಿದು ಎಲೆಯಲ್ಲಿ ಸುತ್ತಿ ತಂದುಕೊಟ್ಟು, “ತಿನ್ನವ್ವ, ಆಲು ಬರ್ತದೆ,” ಎನ್ನುವನು. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ ಎಂದರೆ, “ಕಾಡ್ನಲ್ ಯಾರ್ ಮನೆ ಯಾವ್ದು?” ಎಂದು ನಗುವನು. ತಿಂದೆ. ಅವನ ಮೇಲೆ ಸುಳ್ಳು ಬಿದ್ದಾಗ ಮುಚ್ಚಿಕೊಂಡ ಬಾಯಲ್ಲೇ ತಿಂದೆ.

ಸುಗ್ಗಿಯ ಹೊತ್ತಿಗೆ ದಂಡುಗಳು ದೂರ ಸರಿದು ನಾವು ಇಳಿದೆವು. ಮಾವ ಕುಲುಮೆ ಅಗೆದು ಕಬ್ಬಿಣ ತೆಗೆದು, ಅಲ್ಲೇ ಕಡ್ಡಿ ಕಡೆದು ಬೆಂಕಿ ಹೊತ್ತಿಸಿದರು. ಮೊದಲು ಬಡಿದದ್ದು ಸಣ್ಣಜ್ಜಿಯ ಅಗೆಯುವ ಕೋಲಿಗೆ ಒಂದು ಕಬ್ಬಿಣದ ಮೊನೆ. ಅದನ್ನು ಕೊಡಲು ಹೋದರೆ ಅವಳು ತಿರುಗಿಸಿ ಮುರುಗಿಸಿ ನೋಡಿ, “ಚೆಂದಾಗೈತೆ,” ಎಂದು ಗೋಡೆಯ ಬಿರುಕಿಗೆ ಸಿಕ್ಕಿಸಿ ಬುಟ್ಟಿ ನೇತುಹಾಕಿದಳು. ಅಗೆದದ್ದು ಹಳೆಯ ಮರದ ಕೋಲಿನಲ್ಲೇ. ಆ ಬೇಸಿಗೆಯಲ್ಲಿ ನನ್ನ ಗಂಡ ಪಟ್ಟಣದಿಂದ ಬಂದ. ಅಂಬೆಗಾಲಿಡುವ ಮಗಳನ್ನು ನೋಡಿ, “ಯಾರದೇ ಇದು?” ಎಂದ. ಚೆನ್ನಾಗಿ ಬೈಸಿಕೊಂಡ.

ಕಲಿತದ್ದು ಕೈಬಿಟ್ಟು ಹೋಗಬಾರದು ಎಂದು ಪ್ರತಿ ಆಷಾಢದಲ್ಲೂ ಏಳು ಮನೆಯವರು ಐದು ದಿನ ಹಾಸುಗಲ್ಲಿಗೆ ಹೋಗುವುದು ಪದ್ಧತಿಯಾಯಿತು. ಬೆಂಕಿ ಒಯ್ಯುವಂತಿಲ್ಲ. ಮಕ್ಕಳೇ ಕಡೆಯಬೇಕು, ಕಡೆಯದಿದ್ದರೆ ಹುರಿಹಿಟ್ಟು. ಕಿಕ್ಕೇರಿ ಕಡೆಯಿಂದಲೂ ನಾಲ್ಕು ಮನೆಯವರು ಸೇರಿಕೊಂಡರು. ಹೋದ ವರ್ಷ ಹೋದಾಗ ಸಣ್ಣಜ್ಜಿ ಇರಲಿಲ್ಲ. ಗವಿಯಲ್ಲೇ ಮಲಗಿದಂತೆ ಹೋಗಿದ್ದಳು. ಗೋಡೆಯ ಕಬ್ಬಿಣದ ಮೊನೆಗೆ ಒಂದು ಚುಕ್ಕೆ ತುಕ್ಕು ಹಿಡಿದಿರಲಿಲ್ಲ, ಹರಳೆಣ್ಣೆ ಸವರಿ ಸವರಿ ಇಟ್ಟಿದ್ದಳು. ಅದನ್ನು ಅವಳ ಜೊತೆಗೇ ಮಣ್ಣಿಗಿಟ್ಟೆವು.

ಈ ಎಲ್ಲ ವರ್ಷವೂ ಮಾವ ಒಲೆಯ ಈ ಕಡೆ, ಮಲ್ಲಯ್ಯ ಆ ಕಡೆ. ಮಾತಿಲ್ಲ, ಕತೆಯಿಲ್ಲ.

ಮೊನ್ನೆ ಹತ್ತುವಾಗ ಮಾವ ಕಾಲು ಸೋತು ಬುಡೇನ್ ಸಾಬರ ಬೆನ್ನಿನ ಮೇಲೆ ಬಂದರು. ಅಡವಮ್ಮ ಬೆಂಕಿ ಎಬ್ಬಿಸಿದಳು, ನಾನು ಹೇಳಿದೆನಲ್ಲ, ಆ ವಾಸನೆ ಬಂತು. ಎಲ್ಲರೂ ಸುತ್ತ ಕೂತಿದ್ದರು. ಅವಳು ಮಣ್ಣಿನಲ್ಲಿ ಹೂತಿದ್ದ ಹಳೆಯ ಓಡೊಂದನ್ನು ಕೆದಕಿ ತೆಗೆದು, “ತಾತ, ಇದು ಯಾರ್ ಮಡ್ಕೆ? ಎಂಗೆ ಒಡೀತು?” ಎಂದಳು.

ಮಲ್ಲಯ್ಯ ಎದ್ದು ಹೋಗಲು ನೋಡಿದ. ಇನ್ನು ತಡೆಯಲು ನನ್ನಿಂದಾಗಲಿಲ್ಲ.

“ಕೂತ್ಕೋ ಮಲ್ಲಣ್ಣ,” ಎಂದೆ. “ಮಡ್ಕೆ ಸೀಳಿರ್ಲಿಲ್ಲ. ಕಂಬ್ಳೀನ ನಾನ್ ಒದ್ಕಂಡೆ. ಬೆಂಕಿ ಕೊಂದೋಳು ನಾನು. ಎಂಟೊರ್ಸ ನಿನ್ ಮ್ಯಾಲೆ ತಪ್ಪಿಟ್ಟು ನಿನ್ ಕೈ ಅನ್ನ ತಿಂದೆ.” ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಮಾವ ಬೆಂಕಿಯನ್ನೇ ನೋಡುತ್ತಾ, “ಗೊತ್ತಿತ್ತು ಕಣವ್ವ,” ಎಂದರು. “ನಿನ್ ಒಟ್ಟೆ ಮ್ಯಾಲಿನ್ ಸೀರೆ ಒಣುಗಿತ್ತು, ಮಡ್ಕೆ ಒದ್ದೆ ಇತ್ತು. ತುಂಬ್ದ ಬಸ್ರಿ ಮ್ಯಾಲೆ ಏಳೂ ಮನೇವ್ರು ಬೀಳ್ತಾರೆ ಅಂತ ನಾನೇ ಒಡ್ದೆ. ಬಾಯಿಗ್ ಬಂದ ಎಸ್ರು ಏಳ್ಬುಟ್ಟೆ.”

ಸಿಟ್ಟಿನಿಂದ ಒಡೆದರು ಎಂದುಕೊಂಡಿದ್ದೆನಲ್ಲ!

ಮಲ್ಲಯ್ಯ ಬೆಂಕಿಗೊಂದು ಪುಳ್ಳೆ ತಳ್ಳಿದ. “ನಂಗೂ ಗೊತ್ತಿತ್ತು ಬುಡವ್ವ. ನನ್ ಮಡ್ಕೆ ನಂಗ್ ಗೊತ್ತಿಲ್ವಾ? ಸೀಳಿದ್ರೆ ಅಂಚ್ನಲ್ಲಿ ಕರಿ ಕೂತಿರ್ಬೇಕು, ಅದು ಒಸಾ ಒಡಕು. ನಿನ್ ಮಕ ನೋಡ್ದೆ, ತಿಳೀತು. ಎಸ್ರು ತಾನೆ ಕೆಟ್ಟಿದ್ದು, ಕೆಡ್ಲಿ ಅಂದ್ಕಂಡೆ,” ಎಂದವನು ಮಾವನ ಕಡೆ ತಿರುಗಿ ದನಿ ಏರಿಸಿದ. “ಆದ್ರೆ ಲೇ ಕಾಳ, ಎಲ್ರೆದುರ್ಗೂ ಏಳ್ದೋನು ಆಮ್ಯಾಕೆ ನನ್ತಾವ ಒಬ್ನೇ ಬಂದು ಒಂದ್ ಮಾತು ಅನ್ಬೋದಿತ್ತಲ್ಲ? ಅದ್ಕೆ ಕಾಯ್ತಾ ಕೂತಿದ್ದೀನಿ ಕಣ್ಲಾ ಎಂಟೊರ್ಸ!”

ಮಾವ ತಲೆ ತಗ್ಗಿಸಿದರು. ಬೆಂಕಿ ಬೇಡಲು ಮೂರು ದಿನ ತೆಗೆದುಕೊಂಡ ಮನುಷ್ಯ, ಇದಕ್ಕೆ ಎಂಟು ವರ್ಷ ತೆಗೆದುಕೊಂಡಿದ್ದರು.

“ತಪ್ಪಾಯ್ತು ಕಣ್ಲಾ ಮಲ್ಲ,” ಎಂದರು. “ದಿನಾ ಬರ್ಬೇಕು ಅಂತಿದ್ದೆ. ನಾಚ್ಕೆ ಆಗೋದು.”

“ಅಷ್ಟೇನಾ?” ಎಂದ ಮಲ್ಲಯ್ಯ. ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ ಒಲೆಯ ಮೇಲಿಂದ ಮಾವನ ಮಡಿಲಿಗೆ ಎಸೆದ. “ಇಡ್ಕೋ. ಇವತ್ತು ನಿನ್ ಸರದಿ.”

ಮಹಬೂಬಿ, “ಈ ಗಂಡಸ್ರು!” ಎಂದು ಹಣೆ ಚಚ್ಚಿಕೊಂಡಳು. ಎಲ್ಲರೂ ನಕ್ಕರು, ನಾನು ಅಳುತ್ತಲೇ ನಕ್ಕೆ.

ಅತ್ತು ದಣಿದಿದ್ದೆ, ಬಂಡೆಯ ಮೇಲೇ ನಿದ್ದೆ ಹತ್ತಿಬಿಟ್ಟಿತು. ಎಚ್ಚರವಾದಾಗ ಬೆಳಗಾಗಿತ್ತು, ತುಂತುರು ಹನಿ ಬೀಳುತ್ತಿತ್ತು. ಒಲೆ ನೆನೆದು ತಣ್ಣಗಾಗಿತ್ತು, ಯಾರೂ ಅದರ ಗೊಡವೆಗೆ ಹೋಗಿರಲಿಲ್ಲ. ಅಡವಮ್ಮ ಆಗಲೇ ಗೂಡು ಹುಡುಕಲು ಹೊರಟಿದ್ದಳು. ಮುದುಕರಿಬ್ಬರೂ ಒಂದೇ ಮರದ ಬುಡದಲ್ಲಿ ಚಳಿಗೆ ಮುದುಡಿ ಕೂತು ಅಡಿಕೆ ಕುಟ್ಟುತ್ತಿದ್ದರು. ನನ್ನ ಮೈ ಬೆಚ್ಚಗಿತ್ತು. ನೋಡಿಕೊಂಡರೆ, ಮೇಲೆ ಎರಡು ಕಂಬಳಿಗಳಿದ್ದವು.